ತಿಳಿದೂ ಬರೆಯದ ಸುದ್ದಿ

ಬೆಳಗಿನ ಹೊತ್ತಿನಲ್ಲಿ ವೃತ್ತಪತ್ರಿಕೆಯನ್ನು ಬಿಡಿಸಿ ಓದುವ ಗೃಹಸ್ಥನು, ತನ್ನ ಅರಿವಿಗೆ ಬಾರದಂತೆಯೇ, ಒಂದು ದೊಡ್ಡ ವಿಶ್ವಾಸವನ್ನು ಅಪರಿಚಿತರ ಕೈಯಲ್ಲಿ ಇಡುತ್ತಾನೆ. ದಿಲ್ಲಿಯ ಸಂಸತ್ತಿನಲ್ಲಿ ಮಂಡಿತವಾದ ಮಸೂದೆಯನ್ನಾಗಲಿ, ಸಮುದ್ರದಾಚೆ ನಡೆಯುತ್ತಿರುವ ಯುದ್ಧವನ್ನಾಗಲಿ, ತನ್ನದೇ ಜಿಲ್ಲೆಯಲ್ಲಿ ಕೆರೆಯೊಡೆದು ಮುಳುಗಿದ ಗ್ರಾಮವನ್ನಾಗಲಿ ಅವನು ಸ್ವತಃ ಕಂಡು ಬಂದವನಲ್ಲ. ಕಂಡವರನ್ನು ಹುಡುಕಿ ವಿಚಾರಿಸುವ ಅವಕಾಶವೂ ಅವನಿಗಿಲ್ಲ. ಯಾರೋ ಒಬ್ಬರು ಅಲ್ಲಿಗೆ ಹೋಗಿ, ನೋಡಿ, ಕೇಳಿ, ಕೇಳಿದ್ದನ್ನು ತೂಗಿ, ತೂಗಿದ್ದನ್ನು ತನಗಾಗಿ ಬರೆದಿದ್ದಾರೆಂಬ ನಂಬಿಕೆಯ ಮೇಲೆ ಅವನು ತನ್ನ ಅಭಿಪ್ರಾಯಗಳನ್ನು ಕಟ್ಟಿಕೊಳ್ಳುತ್ತಾನೆ. ನೆರೆಯವನನ್ನು ಮಿತ್ರನೆಂದೋ ಶತ್ರುವೆಂದೋ ತಿಳಿಯುತ್ತಾನೆ. ಚುನಾವಣೆಯ ದಿನ ಮತ ನೀಡುತ್ತಾನೆ. ಪ್ರಜಾರಾಜ್ಯವೆಂಬ ವ್ಯವಸ್ಥೆಯು ಎಷ್ಟೋ ಮಟ್ಟಿಗೆ ಈ ವಿಶ್ವಾಸವನ್ನೇ ಆಧರಿಸಿ ನಿಂತಿದೆ.

ಈ ವಿಶ್ವಾಸವು ಭಂಗವಾಗುವ ಮಾರ್ಗಗಳು ಎರಡು. ಇಲ್ಲದ್ದನ್ನು ಇದೆಯೆಂದು ಬರೆಯುವುದು ಮೊದಲನೆಯದು. ಇದ್ದುದನ್ನು ಚೆನ್ನಾಗಿ ತಿಳಿದೂ ಬರೆಯದೆ ಬಿಡುವುದು ಎರಡನೆಯದು. ಮೊದಲನೆಯ ಅಪರಾಧವನ್ನು ಲೋಕವು ಕಾಲಕ್ರಮದಲ್ಲಿ ಗುರುತಿಸುತ್ತದೆ. ಅಚ್ಚಾದ ಸುಳ್ಳು ಅಚ್ಚಾದ ಕಾಗದದಲ್ಲಿಯೇ ಉಳಿದು ಬರೆದವನ ಮೇಲೆ ಸಾಕ್ಷಿ ನುಡಿಯುತ್ತದೆ. ಎರಡನೆಯದಕ್ಕೆ ಅಂಥ ಸಾಕ್ಷಿಯಿಲ್ಲ. ಅಚ್ಚೇ ಆಗದ ಸುದ್ದಿಯನ್ನು ಓದುಗನು ಯಾವ ಪುಟದಲ್ಲಿ ಹುಡುಕಬೇಕು? ಯಾರ ಮೇಲೆ ದೂರು ಕೊಡಬೇಕು? ಆದುದರಿಂದಲೇ ಪತ್ರಿಕಾವೃತ್ತಿಯ ಪ್ರಾಮಾಣಿಕತೆಯನ್ನು ಅಳೆಯುವವರು, ಪತ್ರಿಕೆ ಏನನ್ನು ಬರೆಯಿತು ಎಂಬುದರ ಜೊತೆಗೆ ಏನನ್ನು ಬಿಟ್ಟಿತು, ಯಾರ ಮುಖ ನೋಡಿ ಬಿಟ್ಟಿತು ಎಂಬುದನ್ನೂ ಕೇಳಲೇಬೇಕಾಗುತ್ತದೆ. ಈ ಮಾತಿನ ತಥ್ಯವನ್ನು ತಿಳಿಯಲು ಇಪ್ಪತ್ತನೆಯ ಶತಮಾನದ ಎರಡು ಘೋರ ಕ್ಷಾಮಗಳ ಇತಿಹಾಸವನ್ನು ಒಟ್ಟಿಗೆ ಇಟ್ಟು ನೋಡುವುದು ಉಪಯುಕ್ತ. ಎರಡಕ್ಕೂ ನಡುವೆ ಹತ್ತು ವರ್ಷಗಳ ಅಂತರ. ಎರಡರಲ್ಲಿಯೂ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಎರಡರಲ್ಲಿಯೂ ಅಧಿಕಾರದಲ್ಲಿದ್ದವರು ಕ್ಷಾಮವೆಂಬುದೇ ಇಲ್ಲವೆಂದು ಸಾಧಿಸಲು ಯತ್ನಿಸಿದರು. ಒಂದು ಕಡೆ ಒಬ್ಬ ಪ್ರಖ್ಯಾತ ಪತ್ರಕರ್ತನು ಆ ಯತ್ನಕ್ಕೆ ಒತ್ತಾಸೆಯಾಗಿ ನಿಂತನು. ಇನ್ನೊಂದು ಕಡೆ ಒಬ್ಬ ಸಂಪಾದಕನು ಅದನ್ನು ಮುರಿದನು.

ಮಾಸ್ಕೋ, 1933

ಸೋವಿಯತ್ ಒಕ್ಕೂಟದಲ್ಲಿ ಸ್ಟಾಲಿನ್ನನ ಸರ್ಕಾರವು 1929ರಿಂದ ಮುಂದೆ ರೈತರ ಖಾಸಗಿ ಭೂಮಿಯನ್ನೂ ಜಾನುವಾರುಗಳನ್ನೂ ಸಾಮೂಹಿಕ ಬೇಸಾಯಕ್ಕೆ ಬಲಾತ್ಕಾರವಾಗಿ ಸೇರಿಸತೊಡಗಿತು. ಎದುರಿಸಿದವರನ್ನು ಗಡೀಪಾರು ಮಾಡಿತು. ಬೆಳೆದ ಧಾನ್ಯವನ್ನು ನಗರಗಳಿಗಾಗಿಯೂ, ಯಂತ್ರಗಳನ್ನು ಕೊಳ್ಳಲು ಬೇಕಾದ ವಿದೇಶೀ ಹಣಕ್ಕಾಗಿಯೂ ಹಳ್ಳಿಗಳಿಂದ ಸೆಳೆದುಕೊಂಡಿತು. ಅದರ ಪರಿಣಾಮವಾಗಿ 1932 ಮತ್ತು 1933ರಲ್ಲಿ ಉಕ್ರೇನ್, ಕಜಾಕಸ್ತಾನ್, ವೋಲ್ಗಾ ನದಿಯ ಪ್ರದೇಶ ಮೊದಲಾದ ಕಡೆಗಳಲ್ಲಿ ಮಹಾಕ್ಷಾಮ ತಲೆದೋರಿತು. ಗೋಧಿಯ ಕಣಜವೆಂದು ಪ್ರಸಿದ್ಧವಾದ ಉಕ್ರೇನಿನಲ್ಲಿಯೇ ಸತ್ತವರ ಸಂಖ್ಯೆ 30 ಲಕ್ಷಕ್ಕೂ ಮೀರಿತ್ತೆಂದು ಇತಿಹಾಸಕಾರರು ಗಣಿಸಿದ್ದಾರೆ. ಸರ್ಕಾರವು ಕ್ಷಾಮವಿರುವುದನ್ನೇ ಒಪ್ಪಲಿಲ್ಲ. ಒಪ್ಪದಿದ್ದುದರಿಂದ ಹೊರಗಿನ ನೆರವನ್ನು ಬೇಡುವ ಪ್ರಶ್ನೆಯೂ ಏಳಲಿಲ್ಲ.

ಆ ಕಾಲದಲ್ಲಿ ಮಾಸ್ಕೋ ನಗರದಲ್ಲಿ ನೆಲೆಸಿದ್ದ ವಿದೇಶೀ ಬಾತ್ಮೀದಾರರಲ್ಲಿ ಅಗ್ರಗಣ್ಯನೆನಿಸಿದ್ದವನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾಲ್ಟರ್ ಡ್ಯುರಾಂಟಿ. ಅವನು 1922ರಿಂದ ಅಲ್ಲಿದ್ದವನು. 1931ರಲ್ಲಿ ಬರೆದ ಲೇಖನಗಳಿಗಾಗಿ ಮರುವರ್ಷ ಪುಲಿಟ್ಜರ್ ಪ್ರಶಸ್ತಿಯನ್ನು ಪಡೆದವನು. ಸ್ಟಾಲಿನ್ನನನ್ನು ಮುಖಾಮುಖಿಯಾಗಿ ಸಂದರ್ಶಿಸಿದ ಕೀರ್ತಿಯುಳ್ಳವನು. ಅವನ ಬರವಣಿಗೆಯನ್ನು ಅಮೆರಿಕದ ರಾಜಕಾರಣಿಗಳು ಓದುತ್ತಿದ್ದರು. ಸೋವಿಯತ್ ಸರ್ಕಾರಕ್ಕೆ ಮಾನ್ಯತೆ ಕೊಡಬೇಕೇ ಬೇಡವೇ ಎಂಬ ಚರ್ಚೆ ನಡೆಯುತ್ತಿದ್ದ ಕಾಲ ಅದು.

ಇವನಿಗೆ ಪ್ರತಿಯಾಗಿ ನಿಂತವನು ಗ್ಯಾರೆತ್ ಜೋನ್ಸ್ ಎಂಬ, ವೇಲ್ಸ್ ದೇಶದ, ಇಪ್ಪತ್ತೇಳು ವರ್ಷದ ಯುವಕ. ಅವನ ತಾಯಿ ವಿವಾಹಕ್ಕೆ ಮುಂಚೆ ಉಕ್ರೇನಿನ ಯೂಜೊವ್ಕಾ ಎಂಬ ಕೈಗಾರಿಕಾ ಪಟ್ಟಣದಲ್ಲಿ, ಅದನ್ನು ಸ್ಥಾಪಿಸಿದ ಹ್ಯೂಸ್ ಎಂಬ ವೇಲ್ಸ್ ಉದ್ಯಮಿಯ ಮನೆತನದಲ್ಲಿ, ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಆಕೆ ಹೇಳಿದ ಕಥೆಗಳಿಂದಲೇ ಆ ನಾಡಿನ ಮೇಲೆ ಬಾಲಕನ ಮನಸ್ಸು ನೆಟ್ಟಿತ್ತು. ಕೇಂಬ್ರಿಜ್‌ನಲ್ಲಿ ಓದಿ, ರಷ್ಯನ್ ಭಾಷೆಯನ್ನು ಚೆನ್ನಾಗಿ ಕಲಿತು, ಹಿಂದೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಲಾಯ್ಡ್ ಜಾರ್ಜ್ ಅವರಿಗೆ ವಿದೇಶ ವ್ಯವಹಾರಗಳಲ್ಲಿ ಸಹಾಯಕನಾಗಿದ್ದ ಅವನು 1933ರ ಮಾರ್ಚ್ ತಿಂಗಳಲ್ಲಿ ಮಾಸ್ಕೋದಿಂದ ಖಾರ್ಕಿವ್ ನಗರದ ಕಡೆಗೆ ರೈಲು ಹತ್ತಿದನು. ನಗರವನ್ನು ತಲುಪುವುದಕ್ಕೆ ಮೊದಲೇ ಇಳಿದು, ಬೆನ್ನಿಗೆ ಆಹಾರದ ಚೀಲವನ್ನು ಕಟ್ಟಿಕೊಂಡು, ಹಿಮ ಮುಚ್ಚಿದ ಹಾದಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದನು. ರೈತರ ಗುಡಿಸಲುಗಳಲ್ಲಿ ಮಲಗಿದನು. ಅವರ ಭಾಷೆಯಲ್ಲಿಯೇ ಅವರನ್ನು ವಿಚಾರಿಸಿದನು. ಎಲ್ಲಿ ಹೋದರೂ ಅವನಿಗೆ ಕೇಳಿಬಂದ ಮಾತು ಒಂದೇ: ರೊಟ್ಟಿಯಿಲ್ಲ, ನಾವು ಸಾಯುತ್ತಿದ್ದೇವೆ.

ಜೋನ್ಸನು ಆ ದೇಶದಿಂದ ಹೊರಬಂದು, ಮಾರ್ಚ್ 29ರಂದು ಬರ್ಲಿನ್ ನಗರದಲ್ಲಿ ಪತ್ರಕರ್ತರನ್ನು ಕರೆದು ತಾನು ಕಂಡದ್ದನ್ನೆಲ್ಲ ಹೇಳಿದನು. ಆ ವರದಿ ಅಮೆರಿಕದ ಮತ್ತು ಇಂಗ್ಲೆಂಡಿನ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಎರಡೇ ದಿನಗಳ ಮೇಲೆ ಡ್ಯುರಾಂಟಿಯ ಖಂಡನೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು. ಜನರಿಗೆ ಹಸಿವಿದೆ, ಆದರೆ ಹಸಿವಿನಿಂದ ಸಾಯುತ್ತಿಲ್ಲ. ಆಹಾರದ ಅಭಾವವುಂಟು, ಕ್ಷಾಮವಿಲ್ಲ. ಜೋನ್ಸನ ತೀರ್ಮಾನ ಆತುರದ್ದು ಎಂಬುದು ಅದರ ಸಾರಾಂಶ. ಜೋನ್ಸ್ ಸುಮ್ಮನಿರಲಿಲ್ಲ. ಮೇ ತಿಂಗಳಲ್ಲಿ ಅದೇ ಪತ್ರಿಕೆಗೆ ಬರೆದ ಪತ್ರದಲ್ಲಿ ತನ್ನ ಸಾಕ್ಷ್ಯಗಳನ್ನು ಒಂದೊಂದಾಗಿ ವಿವರಿಸಿ, ಮಾಸ್ಕೋದ ಬಾತ್ಮೀದಾರರು ಸೆನ್ಸಾರಿನ ಹಿಡಿತದಲ್ಲಿ ಸಿಕ್ಕಿ, ಉಪವಾಸದ ಸಾವನ್ನು ಅಪೌಷ್ಟಿಕತೆಯಿಂದ ಬರುವ ರೋಗಗಳ ಫಲವೆಂದು ಮೃದುಗೊಳಿಸಿ ಬರೆಯುವುದರಲ್ಲಿ ಪರಿಣತರಾಗಿಬಿಟ್ಟಿದ್ದಾರೆಂದು ನೇರವಾಗಿ ಹೇಳಿದನು. ಆದರೂ ಪ್ರಖ್ಯಾತನ ಮಾತಿನ ಎದುರಿಗೆ ಯುವಕನ ಮಾತು ನಿಲ್ಲಲಿಲ್ಲ. ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಗೆ ಮಾಲ್ಕಮ್ ಮಗರಿಜ್ ಎಂಬಾತನು ಸೆನ್ಸಾರಿನ ಕಣ್ಣು ತಪ್ಪಿಸಿ ಕಳುಹಿಸಿದ ಕ್ಷಾಮದ ವರದಿಗಳು ಅದೇ ಮಾರ್ಚ್ ತಿಂಗಳಲ್ಲಿ, ಲೇಖಕನ ಹೆಸರಿಲ್ಲದೆ ಪ್ರಕಟವಾಗಿದ್ದವು. ಅವಕ್ಕೂ ಸಿಕ್ಕಬೇಕಾದ ಗಮನ ಸಿಕ್ಕಲಿಲ್ಲ. ಜೋನ್ಸನಿಗೆ ಸೋವಿಯತ್ ದೇಶದ ಬಾಗಿಲು ಶಾಶ್ವತವಾಗಿ ಮುಚ್ಚಿತು. 1935ರ ಆಗಸ್ಟಿನಲ್ಲಿ, ತನ್ನ ಮೂವತ್ತನೆಯ ಹುಟ್ಟುಹಬ್ಬದ ಹಿಂದಿನ ದಿನ, ಮಂಗೋಲಿಯದ ಗಡಿಪ್ರದೇಶದಲ್ಲಿ ಡಕಾಯಿತರ ಕೈಯಲ್ಲಿ ಅವನು ಹತನಾದನು.

ಡ್ಯುರಾಂಟಿಗೆ ನಿಜಸ್ಥಿತಿ ತಿಳಿದಿರಲಿಲ್ಲವೇ? ತಿಳಿದಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಾಸ್ಕೋದ ಬ್ರಿಟಿಷ್ ರಾಯಭಾರ ಕಚೇರಿಯ ಅಧಿಕಾರಿಗಳೊಡನೆ ಮಾತನಾಡುತ್ತ, ಆಹಾರದ ಅಭಾವದಿಂದ ನೇರವಾಗಿಯೋ ಪರೋಕ್ಷವಾಗಿಯೋ ಒಂದು ಕೋಟಿ ಜನ ಸತ್ತಿರಬಹುದೆಂದು ಅವನು ಹೇಳಿದುದು ಕಚೇರಿಯ ದಾಖಲೆಯಲ್ಲಿ ನಮೂದಾಗಿದೆ. ರಾಯಭಾರಿಗಳ ಕಿವಿಗೆ ಹೇಳಿದ ಈ ಮಾತನ್ನು ಅವನು ತನ್ನ ಓದುಗರಿಗೆ ಹೇಳಲಿಲ್ಲ. ಇಡೀ ಪ್ರಕರಣದ ಹೃದಯ ಇಲ್ಲಿದೆ. ಅಜ್ಞಾನದಿಂದ ಆದ ತಪ್ಪಿಗೆ ಕ್ಷಮೆಯುಂಟು. ತಿಳಿದು ಮೌನವಾಗಿರುವ ವರದಿಗಾರನು ತನ್ನ ವೃತ್ತಿಯನ್ನೇ ತ್ಯಜಿಸಿದವನೆಂದು ತಿಳಿಯಬೇಕು.

ಇಂಥ ಮೌನಕ್ಕೆ ಕಾರಣಗಳನ್ನು ಹುಡುಕಿದರೆ ಅವು ಅಸಾಧಾರಣವಾದುವೇನೂ ಅಲ್ಲವೆಂಬುದೇ ನಮ್ಮನ್ನು ಎಚ್ಚರಿಸಬೇಕು. ಆಗ ಮಾಸ್ಕೋದಲ್ಲಿದ್ದ ಇನ್ನೊಬ್ಬ ಅಮೆರಿಕನ್ ಬಾತ್ಮೀದಾರ ಯುಜೀನ್ ಲಯನ್ಸ್ 1937ರಲ್ಲಿ ಬರೆದ ತನ್ನ ಅನುಭವಕಥನದಲ್ಲಿ ಆ ಒಳಗಥೆಯನ್ನು ಒಪ್ಪಿಕೊಂಡಿದ್ದಾನೆ. ಕೆಲವು ಬ್ರಿಟಿಷ್ ಎಂಜಿನಿಯರುಗಳ ಮೇಲೆ ಸೋವಿಯತ್ ಸರ್ಕಾರ ಹೂಡಿದ ಮೊಕದ್ದಮೆಯು ಆಗ ನ್ಯಾಯಾಲಯದ ಮುಂದೆ ಬರುವುದರಲ್ಲಿತ್ತು; ಅದನ್ನು ವರದಿ ಮಾಡಲು ಪ್ರತಿಯೊಬ್ಬ ಬಾತ್ಮೀದಾರನಿಗೂ ಸರ್ಕಾರದ ಅನುಗ್ರಹ ಅಗತ್ಯವಾಗಿತ್ತು; ಆ ಅನುಗ್ರಹವನ್ನು ಉಳಿಸಿಕೊಳ್ಳಲು ಜೋನ್ಸನ ಮಾತನ್ನು ಅಲ್ಲಗಳೆಯುವುದೇ ಸುಲಭವಾದ ದಾರಿಯಾಗಿ ಕಂಡಿತು. ವೀಸಾ ರದ್ದಾದೀತೆಂಬ ಭಯ, ದೊಡ್ಡವರ ಸಾಮೀಪ್ಯ ತಪ್ಪೀತೆಂಬ ಆತಂಕ, ಹಿಂದೆ ಬರೆದುದಕ್ಕೆ ವಿರುದ್ಧವಾಗಿ ಬರೆದರೆ ಕೀರ್ತಿಗೆ ಕುಂದಾದೀತೆಂಬ ಸಂಕೋಚ, ಒಂದು ಮಹತ್ಕಾರ್ಯಕ್ಕಾಗಿ ಕೆಲವು ಪ್ರಾಣಗಳು ಹೋದರೆ ಏನಾಯಿತೆಂಬ ಸಿದ್ಧಾಂತದ ಮೋಹ: ಇವುಗಳಲ್ಲಿ ಯಾವುದೂ ಆ ದೇಶಕ್ಕೋ ಆ ಕಾಲಕ್ಕೋ ಮಾತ್ರ ಸೇರಿದ್ದಲ್ಲ. ಜಿಲ್ಲಾ ಕೇಂದ್ರದ ವರದಿಗಾರನಿಂದ ಮೊದಲುಗೊಂಡು ರಾಜಧಾನಿಯ ಸಂಪಾದಕನವರೆಗೆ ಇಂದಿಗೂ ಎಲ್ಲರನ್ನೂ ಕಾಡುವ ಪ್ರಲೋಭನೆಗಳು ಇವೇ.

ಡ್ಯುರಾಂಟಿಯ ಬರವಣಿಗೆ ತನ್ನ ಪುಟಗಳಲ್ಲಿ ಬಂದ ಅತ್ಯಂತ ಕೆಟ್ಟ ವರದಿಗಾರಿಕೆಯಲ್ಲೊಂದೆಂದು ನ್ಯೂಯಾರ್ಕ್ ಟೈಮ್ಸ್ 1990ರಲ್ಲಿ ತಾನೇ ಬರೆದುಕೊಂಡಿತು. ಪ್ರಶಸ್ತಿಯನ್ನು ಹಿಂದಕ್ಕೆ ಪಡೆಯಬೇಕೆಂಬ ಒತ್ತಾಯ ಬಂದಾಗ, 1931ರ ಆ ಲೇಖನಗಳಲ್ಲಿ ಉದ್ದೇಶಪೂರ್ವಕವಾದ ವಂಚನೆಗೆ ಸ್ಪಷ್ಟವಾದ ಸಾಕ್ಷ್ಯವಿಲ್ಲ ಎಂಬ ಆಧಾರದ ಮೇಲೆ ಪುಲಿಟ್ಜರ್ ಮಂಡಳಿಯು 2003ರಲ್ಲಿ ಅದನ್ನು ರದ್ದು ಮಾಡದೆ ಬಿಟ್ಟಿತು. ಅಷ್ಟರಲ್ಲಿ ಎಪ್ಪತ್ತು ವರ್ಷಗಳು ಕಳೆದಿದ್ದವು. ಸತ್ತವರಿಗೆ ಆ ಪಶ್ಚಾತ್ತಾಪದಿಂದ ಆದ ಪ್ರಯೋಜನವೇನೂ ಇಲ್ಲ.

ಕಲ್ಕತ್ತ, 1943

ಈಗ ನಮ್ಮ ದೇಶದ ಕಡೆಗೆ ತಿರುಗೋಣ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು 1942ರಲ್ಲಿ ಬರ್ಮಾ ದೇಶವನ್ನು ಆಕ್ರಮಿಸಿದುದರಿಂದ ಅಲ್ಲಿಂದ ಬಂಗಾಳಕ್ಕೆ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಶತ್ರುವಿನ ಕೈಗೆ ಸಿಕ್ಕಬಾರದೆಂದು ಸರ್ಕಾರವು ಕರಾವಳಿಯ ಜಿಲ್ಲೆಗಳಲ್ಲಿ ದೋಣಿಗಳನ್ನು ವಶಪಡಿಸಿಕೊಂಡಿತು. ಧಾನ್ಯದ ದಾಸ್ತಾನನ್ನು ತೆಗೆಸಿತು. ಅಕ್ಟೋಬರಿನಲ್ಲಿ ಚಂಡಮಾರುತವು ಮೇದಿನೀಪುರದ ಬೆಳೆಯನ್ನೂ ಜನರನ್ನೂ ನುಂಗಿತು. ಯುದ್ಧದ ವೆಚ್ಚದಿಂದ ಬೆಲೆಗಳು ಏರಿ, ಕೂಲಿಯವರು, ಬೆಸ್ತರು, ಭೂಮಿಯಿಲ್ಲದ ಬೇಸಾಯಗಾರರು ಕೊಳ್ಳಲಾರದ ಮಟ್ಟಕ್ಕೆ ಅಕ್ಕಿ ಮುಟ್ಟಿತು. 1943ರ ಬೇಸಿಗೆ ಕಳೆಯುವ ಹೊತ್ತಿಗೆ ಹಳ್ಳಿಯ ಜನ ಗುಂಪುಗುಂಪಾಗಿ ಕಲ್ಕತ್ತಕ್ಕೆ ಬಂದು, ಅನ್ನ ಬಸಿದ ಗಂಜಿಯನ್ನು ಬೇಡುತ್ತ, ರಸ್ತೆಯ ಅಂಚಿನಲ್ಲಿ ಬಿದ್ದು ಸಾಯುತ್ತಿದ್ದರು. ಆಮೇಲೆ ನೇಮಕವಾದ ಸರ್ಕಾರೀ ವಿಚಾರಣಾ ಆಯೋಗವು ಸತ್ತವರ ಸಂಖ್ಯೆಯನ್ನು 15 ಲಕ್ಷವೆಂದು ಹೇಳಿತು. ಅನಂತರದ ವಿದ್ವಾಂಸರ ಲೆಕ್ಕ 30 ಲಕ್ಷದ ಸಮೀಪಕ್ಕೆ ಹೋಗುತ್ತದೆ.

ಸರ್ಕಾರವು ಕ್ಷಾಮವನ್ನು ವಿಧ್ಯುಕ್ತವಾಗಿ ಘೋಷಿಸಲಿಲ್ಲ. ಯುದ್ಧಕಾಲದ ಭಾರತರಕ್ಷಣಾ ನಿಯಮಗಳ ಬಲದಿಂದ ಪತ್ರಿಕೆಗಳ ಬಾಯಿಗೆ ಬೀಗ ಹಾಕಿತ್ತು. ಬಂಗಾಳಿ ಭಾಷೆಯ ಪತ್ರಿಕೆಗಳು ಸೆನ್ಸಾರು ಬಿಟ್ಟಷ್ಟು ಮಟ್ಟಿಗೆ ತಮ್ಮ ಜನರ ಗೋಳನ್ನು ಕೂಗಿ ಹೇಳಿದವೆಂಬುದನ್ನು ಇಲ್ಲಿ ಸ್ಮರಿಸುವುದು ನ್ಯಾಯ. ಆದರೆ ಅವುಗಳ ಧ್ವನಿ ಲಂಡನ್ನಿನವರೆಗೆ ಮುಟ್ಟುವಂತಿರಲಿಲ್ಲ. ಅಲ್ಲಿಯವರೆಗೆ ಮುಟ್ಟಬಲ್ಲ ಪತ್ರಿಕೆ ಎಂದರೆ ಕಲ್ಕತ್ತದ ಸ್ಟೇಟ್ಸ್‌ಮನ್. ಅದರ ಒಡೆತನ ಬ್ರಿಟಿಷರದು. ಅದರ ಸಂಪಾದಕ ಇಯಾನ್ ಸ್ಟೀಫನ್ಸ್ ಬ್ರಿಟಿಷನು, ಹಿಂದೆ ಭಾರತ ಸರ್ಕಾರದ ಪ್ರಚಾರ ಇಲಾಖೆಯಲ್ಲಿಯೇ ಅಧಿಕಾರಿಯಾಗಿದ್ದವನು. ತನ್ನ ದೇಶ ಪ್ರಾಣಾಂತಿಕವಾದ ಯುದ್ಧದಲ್ಲಿ ತೊಡಗಿರುವಾಗ ತನ್ನ ಸರ್ಕಾರದ ಮಾನವನ್ನು ಲೋಕದ ಮುಂದೆ ಕಳೆಯುವುದು ಅವನಂಥವನಿಗೆ ಎಷ್ಟು ಕಷ್ಟವಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ಅವನ ಪತ್ರಿಕೆಯೂ ಮೊದಲ ತಿಂಗಳುಗಳಲ್ಲಿ ಸಾಕಷ್ಟು ಸಂಯಮವನ್ನೇ ತೋರಿತ್ತು.

ಕೊನೆಗೆ ಅಂತಃಕರಣವು ಗೆದ್ದಿತು. ಸರ್ಕಾರದ ಆಜ್ಞೆಗಳು ಬರವಣಿಗೆಯನ್ನು ಬಿಗಿಯಾಗಿ ಕಟ್ಟಿಹಾಕಿದ್ದರೂ ಛಾಯಾಚಿತ್ರಗಳ ವಿಷಯವಾಗಿ ಏನನ್ನೂ ಹೇಳಿರಲಿಲ್ಲ. ಸ್ಟೀಫನ್ಸ್ ನಗರದ ಬೀದಿಗಳಿಗೆ ಛಾಯಾಗ್ರಾಹಕರನ್ನು ಕಳುಹಿಸಿ, 1943ರ ಆಗಸ್ಟ್ 22ರ ಭಾನುವಾರ, ಎಲುಬಿನ ಹಂದರವಾದ ತಾಯಂದಿರ, ಮಕ್ಕಳ, ಬೀದಿಯಲ್ಲಿ ಬಿದ್ದವರ ಚಿತ್ರಗಳನ್ನು ಅಚ್ಚುಮಾಡಿದನು. ಮುಂದಿನ ಭಾನುವಾರ ಮತ್ತೊಮ್ಮೆ ಅಚ್ಚುಮಾಡಿದನು. ದಿಲ್ಲಿಯ ಕಚೇರಿಗಳಲ್ಲಿ ಕಡತಗಳ ನಡುವೆ ಕುಳಿತವರಿಗೆ, ಲಂಡನ್ನಿನ ಸಂಸತ್ತಿನ ಸದಸ್ಯರಿಗೆ, ಸಮುದ್ರದಾಚೆಯ ಅಮೆರಿಕದವರಿಗೆ ಆ ಚಿತ್ರಗಳು ಮುಟ್ಟಿದವು. ಚಿತ್ರಗಳ ಹಿಂದೆಯೇ ಸರ್ಕಾರದ ಆಡಳಿತವೈಫಲ್ಯವನ್ನು ಕಟುವಾಗಿ ವಿಮರ್ಶಿಸುವ ಸಂಪಾದಕೀಯಗಳೂ ಬಂದವು. ಅಕ್ಟೋಬರ್ 20ರಂದು ವೈಸರಾಯ್ ಪದವಿಯನ್ನು ವಹಿಸಿಕೊಂಡ ವೇವೆಲ್, ಒಂದು ವಾರ ತುಂಬುವುದರೊಳಗಾಗಿ ಬಂಗಾಳಕ್ಕೆ ಬಂದು ಸ್ಥಿತಿಯನ್ನು ಸ್ವತಃ ನೋಡಿ, ಆಹಾರ ಹಂಚುವ ಕಾರ್ಯಕ್ಕೆ ಸೈನ್ಯವನ್ನು ತೊಡಗಿಸಿದನು. ಎಷ್ಟೋ ಪ್ರಾಣಗಳು ಅದಕ್ಕೆ ಮುಂಚೆಯೇ ಹೋಗಿದ್ದವು. ಉಳಿದವರಲ್ಲಿ ಎಷ್ಟೋ ಜನ ಆ ಚಿತ್ರಗಳಿಂದ ಬದುಕಿದರು.

ಇದೇ ಕಾಲದಲ್ಲಿ ಚಿತ್ತಪ್ರಸಾದ ಭಟ್ಟಾಚಾರ್ಯ ಎಂಬ ತರುಣ ಚಿತ್ರಕಾರನು ಮೇದಿನೀಪುರದ ಹಳ್ಳಿಗಳನ್ನು ಸುತ್ತಿ, ಕಂಡ ಮುಖಗಳನ್ನು ಮಸಿಯ ರೇಖೆಗಳಲ್ಲಿ ಬರೆದು, ಅವರ ವೃತ್ತಾಂತದೊಡನೆ ಒಂದು ಪುಸ್ತಿಕೆಯಾಗಿ ಪ್ರಕಟಿಸಿದನು. ಸರ್ಕಾರವು ಅದರ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡು ನಾಶಮಾಡಿತು. ಸತ್ಯವನ್ನು ಹೇಳಲು ದೊಡ್ಡ ಪತ್ರಿಕೆಯೇ ಬೇಕೆಂಬ ನಿಯಮವಿಲ್ಲ. ಹೇಳುವವನಿಗೆ ರಕ್ಷಣೆ ಎಷ್ಟಿದೆ ಎಂಬುದರಲ್ಲಿ ಮಾತ್ರ ಭೇದ.

ಅರ್ಥಶಾಸ್ತ್ರಜ್ಞರಾದ ಅಮರ್ತ್ಯ ಸೇನರು ಬಾಲಕರಾಗಿದ್ದಾಗ ಈ ಕ್ಷಾಮವನ್ನು ಕಣ್ಣಾರೆ ಕಂಡವರು. ಪ್ರಜಾಪ್ರಭುತ್ವವೂ ಸಾಕಷ್ಟು ಸ್ವತಂತ್ರವಾದ ಪತ್ರಿಕೆಗಳೂ ಇರುವ ದೇಶದಲ್ಲಿ ಮಹಾಕ್ಷಾಮ ಸಂಭವಿಸಿದ ಉದಾಹರಣೆಯಿಲ್ಲವೆಂದು ಅವರು ಮುಂದೆ ಪ್ರತಿಪಾದಿಸಿದರು. ಸ್ವತಂತ್ರ ಭಾರತದಲ್ಲಿ ಬರಗಾಲಗಳು ಬಂದರೂ 1943ರಂಥ ಕ್ಷಾಮ ಮರುಕಳಿಸಲಿಲ್ಲ. ಪತ್ರಿಕೆಗಳು ಸರ್ಕಾರದ ಜಯಘೋಷವನ್ನು ಮಾತ್ರ ಅಚ್ಚುಮಾಡುತ್ತಿದ್ದ ಚೀನಾ ದೇಶದಲ್ಲಿ 1958ರಿಂದ 1961ರವರೆಗೆ ಕೋಟ್ಯಂತರ ಜನ ಹಸಿವಿನಿಂದ ಸತ್ತರು. ಪತ್ರಿಕಾಸ್ವಾತಂತ್ರ್ಯವು ಓದುಬರಹ ಬಲ್ಲವರ ಭೋಗವಸ್ತುವೆಂದು ತಿಳಿಯುವವರು ಈ ವಿಷಯವನ್ನು ಮನನ ಮಾಡಬೇಕು. ಪತ್ರಿಕೆಯ ಮೌನಕ್ಕೆ ಮೊದಲು ಬಲಿಯಾಗುವವನು ಪತ್ರಿಕೆಯನ್ನೇ ಓದಲಾರದ ಬಡವನು.

ನಿಯಮಗಳು ಬಂದ ಬಗೆ

ಹೀಗೆ ಒಬ್ಬೊಬ್ಬ ಸಂಪಾದಕನ ಅಂತಃಕರಣವನ್ನೇ ನೆಚ್ಚಿ ಕೂರುವುದು ಸಾಲದೆಂದು ಸ್ವಾತಂತ್ರ್ಯಾನಂತರ ನಮ್ಮ ದೇಶವು ಭಾವಿಸಿತು. ನ್ಯಾಯಮೂರ್ತಿ ರಾಜಾಧ್ಯಕ್ಷರ ನೇತೃತ್ವದಲ್ಲಿ 1952ರಲ್ಲಿ ಮೊದಲ ಪತ್ರಿಕಾ ಆಯೋಗ ರಚಿತವಾಯಿತು. ಅದರ ಶಿಫಾರಸಿನ ಫಲವಾಗಿ 1966ರಲ್ಲಿ ಭಾರತೀಯ ಪತ್ರಿಕಾ ಮಂಡಳಿ ಸ್ಥಾಪಿತವಾಗಿ, ನವೆಂಬರ್ 16ರಂದು ಕಾರ್ಯವನ್ನು ಆರಂಭಿಸಿತು. ತುರ್ತುಪರಿಸ್ಥಿತಿಯಲ್ಲಿ ಸೆನ್ಸಾರು ಮರಳಿ ಬಂದಾಗ ಆ ಮಂಡಳಿಯನ್ನೇ ವಿಸರ್ಜಿಸಲಾಯಿತು. 1978ರ ಕಾಯಿದೆಯ ಮೂಲಕ ಅದು ಪುನಃ ಅಸ್ತಿತ್ವಕ್ಕೆ ಬಂತು. ಅದು ರೂಪಿಸಿದ ನೀತಿಸಂಹಿತೆಯ ತತ್ತ್ವಗಳು ಸರಳವಾದುವು: ಪ್ರಕಟಿಸುವ ಮುನ್ನ ಪರಿಶೀಲಿಸತಕ್ಕದ್ದು, ಆರೋಪಕ್ಕೆ ಗುರಿಯಾದವನ ಮಾತನ್ನೂ ಕೇಳತಕ್ಕದ್ದು, ವರದಿಯನ್ನೂ ಅಭಿಪ್ರಾಯವನ್ನೂ ಬೆರೆಸದಿರತಕ್ಕದ್ದು, ತಪ್ಪಾದರೆ ತಿದ್ದುಪಡಿಯನ್ನು ಓದುಗರ ಕಣ್ಣಿಗೆ ಬೀಳುವ ಕಡೆ ಅಚ್ಚುಹಾಕತಕ್ಕದ್ದು. ಮಂಡಳಿಗೆ ಇರುವ ಅಧಿಕಾರ ಎಚ್ಚರಿಸುವುದು, ವಾಗ್ದಂಡನೆ ವಿಧಿಸುವುದು, ಖಂಡಿಸುವುದು. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ದೂರದರ್ಶನ ವಾಹಿನಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ; ಖಾಸಗಿ ಸುದ್ದಿವಾಹಿನಿಗಳು ತಮ್ಮ ಮೇಲೆ ತಾವೇ ನಿಗಾ ಇಟ್ಟುಕೊಳ್ಳಲು 2008ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರವನ್ನು ಮಾಡಿಕೊಂಡವು.

ಕನ್ನಡನಾಡಿನಲ್ಲಿ ಈ ವಿಚಾರ ಹೊಸದಲ್ಲ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರತಂದ ‘ಮಂಗಳೂರು ಸಮಾಚಾರ’ದಿಂದ ನಮ್ಮ ಪತ್ರಿಕಾರಂಗದ ಚರಿತ್ರೆ ಆರಂಭವಾಗುತ್ತದೆ, ಆ ದಿನವನ್ನು ರಾಜ್ಯದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ತಮ್ಮ ಜೀವಿತದ ಬಹುಭಾಗವನ್ನು ಪತ್ರಿಕೋದ್ಯಮದಲ್ಲಿ ಕಳೆದ ಡಿ. ವಿ. ಗುಂಡಪ್ಪನವರು ‘ವೃತ್ತಪತ್ರಿಕೆ’ ಎಂಬ ಗ್ರಂಥದಲ್ಲಿ ಈ ವೃತ್ತಿಯ ಧರ್ಮವನ್ನು ಕನ್ನಡಿಗರಿಗೆ ವಿವರಿಸಿದರು. ಅಂದಿನ ಪತ್ರಿಕೆಗಳು ಬಡವಾಗಿದ್ದವು, ಸಾಲದಲ್ಲಿ ಮುಳುಗುತ್ತಿದ್ದವು, ಎಷ್ಟೋ ಅಲ್ಪಾಯುವಾಗಿ ನಿಂತುಹೋದವು. ಆದರೆ ಸಂಪಾದಕನು ತನ್ನ ಹೆಸರಿನ ಕೆಳಗೆ ಬಂದ ಪ್ರತಿಯೊಂದು ಪಂಕ್ತಿಗೂ ತಾನೇ ಉತ್ತರವಾದಿಯೆಂದು ಭಾವಿಸುತ್ತಿದ್ದನು.

ನಮ್ಮ ಕಾಲದ ಪರೀಕ್ಷೆ

ಕಾಲ ಬದಲಾದಂತೆ ಪ್ರಲೋಭನೆಯ ವೇಷ ಬದಲಾಗಿದೆ. ಪತ್ರಿಕೆಯನ್ನು ಅಚ್ಚುಮಾಡಿ ಮನೆಬಾಗಿಲಿಗೆ ಮುಟ್ಟಿಸುವ ವೆಚ್ಚವು ಓದುಗನು ಕೊಡುವ ಬೆಲೆಗಿಂತ ಬಹಳ ಹೆಚ್ಚು. ಅದನ್ನು ತುಂಬಿಕೊಡುವವರು ಜಾಹೀರಾತುದಾರರು ಮತ್ತು ಅವರಲ್ಲಿ ಮುಖ್ಯವಾದ ಸರ್ಕಾರ. ಹಣ ಬರುವ ಕಡೆಗೆ ಮುಖ ತಿರುಗುವುದು ಮನುಷ್ಯಸ್ವಭಾವ. ಈ ವ್ಯವಸ್ಥೆಯ ವಿಕಾರವು 2009ರ ಚುನಾವಣೆಗಳ ಕಾಲದಲ್ಲಿ ನಾಚಿಕೆಗೆಟ್ಟು ಪ್ರಕಟವಾಯಿತು. ಅಭ್ಯರ್ಥಿಗಳಿಂದ ಹಣ ಪಡೆದು, ಅವರ ಸ್ತುತಿಯನ್ನು ಜಾಹೀರಾತೆಂದು ಹೇಳದೆ ಸುದ್ದಿಯೆಂದೇ ಅಚ್ಚುಮಾಡುವ, ‘ಕಾಸಿಗಾಗಿ ಸುದ್ದಿ’ ಎಂದು ಹೆಸರಾದ ಪದ್ಧತಿಯನ್ನು ಪಿ. ಸಾಯಿನಾಥ್ ಮೊದಲಾದವರು ಬಯಲಿಗೆಳೆದರು. ಒಂದೇ ಸ್ತುತಿಲೇಖನವು ಅಕ್ಷರವೂ ಬದಲಾಗದೆ ಬೇರೆ ಬೇರೆ ಪತ್ರಿಕೆಗಳಲ್ಲಿ ಬಂದುದನ್ನು ಸಾಯಿನಾಥ್ ಎತ್ತಿ ತೋರಿಸಿದರು. ಹಣ ಕೊಡದ ಅಭ್ಯರ್ಥಿಯ ಹೆಸರೇ ಪತ್ರಿಕೆಯಿಂದ ಮರೆಯಾಗುವ ಸ್ಥಿತಿ ಅದು: ಮೌನಕ್ಕೂ ಇಲ್ಲಿ ಬೆಲೆ ನಿಗದಿಯಾಗಿತ್ತು.

ಪತ್ರಿಕಾ ಮಂಡಳಿಯು ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಇವರಿಬ್ಬರ ಉಪಸಮಿತಿಯನ್ನು ನೇಮಿಸಿತು. ಅವರು ಸಾಕ್ಷಿಗಳನ್ನು ವಿಚಾರಿಸಿ, ಪತ್ರಿಕೆಗಳ ಹೆಸರುಗಳನ್ನು ನಿಸ್ಸಂಕೋಚವಾಗಿ ಎತ್ತಿ ಬರೆದ ವಿಸ್ತಾರವಾದ ವರದಿಯನ್ನು ಕೊಟ್ಟರು. 2010ರ ಜುಲೈನಲ್ಲಿ ಮಂಡಳಿಯು ಅದನ್ನು ಪೂರ್ಣವಾಗಿ ಪ್ರಕಟಿಸದೆ, ಸಂಕ್ಷೇಪಿಸಿದ ಒಂದು ವರದಿಯನ್ನು ಮಾತ್ರ ಹೊರಡಿಸಿತು. ಕೇಂದ್ರ ಮಾಹಿತಿ ಆಯೋಗದ ಆದೇಶವಾದ ಮೇಲೆ, 2011ರಲ್ಲಿ, ಪೂರ್ಣವರದಿ ಜನರಿಗೆ ಲಭ್ಯವಾಯಿತು. ಪತ್ರಿಕೆಗಳ ನೀತಿಯನ್ನು ಕಾಯಲು ಹುಟ್ಟಿದ ಸಂಸ್ಥೆಯೇ ಪತ್ರಿಕೆಗಳ ದೋಷವನ್ನು ಹೇಳುವ ಕಾಗದವನ್ನು ಮುಚ್ಚಿಟ್ಟುಕೊಂಡಿತೆಂದರೆ, ನಿಯಮಾವಳಿಯ ಶಕ್ತಿ ಎಷ್ಟೆಂಬುದು ತಿಳಿದುಹೋಗುತ್ತದೆ. ನಿಯಮವು ಹೊಲಕ್ಕೆ ಹಾಕಿದ ಬೇಲಿಯಂತೆ. ಬೇಲಿ ಭದ್ರವಾಗಿದ್ದರೂ ಕಾವಲುಗಾರನಿಗೆ ಎಚ್ಚರವಿಲ್ಲದಿದ್ದರೆ ಬೆಳೆ ಉಳಿಯದು.

ಎರಡನೆಯ ಪರಿವರ್ತನೆ ವೇಗದ್ದು. 2008ರ ನವೆಂಬರಿನಲ್ಲಿ ಮುಂಬಯಿಯ ಮೇಲೆ ಭಯೋತ್ಪಾದಕರ ದಾಳಿ ನಡೆಯುತ್ತಿದ್ದಾಗ, ರಕ್ಷಣಾಪಡೆಗಳ ಚಲನವಲನವನ್ನು ಸುದ್ದಿವಾಹಿನಿಗಳು ನೇರಪ್ರಸಾರ ಮಾಡಿದವು. ದಾಳಿಕೋರರಿಗೆ ದೂರದಿಂದ ನಿರ್ದೇಶನ ಕೊಡುತ್ತಿದ್ದವರು ಆ ದೃಶ್ಯಗಳನ್ನು ನೋಡುತ್ತಿದ್ದರು. 2012ರ ಆಗಸ್ಟಿನಲ್ಲಿ, ದಾಳಿಕೋರರಲ್ಲೊಬ್ಬನಾದ ಕಸಾಬನ ಮೇಲ್ಮನವಿಯ ತೀರ್ಪನ್ನು ಕೊಡುತ್ತ ಸರ್ವೋಚ್ಚ ನ್ಯಾಯಾಲಯವು, ವಾಹಿನಿಗಳ ಈ ವರ್ತನೆಯನ್ನು ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ಸಮರ್ಥಿಸಲಾಗದೆಂದು ಕಠಿಣವಾಗಿ ಟೀಕಿಸಿತು. ಇಲ್ಲಿ ಒಂದು ಸೂಕ್ಷ್ಮವಾದ ವಿವೇಚನೆ ಅವಶ್ಯಕ. ತಿಳಿದುದನ್ನೆಲ್ಲ ಆ ಕ್ಷಣದಲ್ಲಿಯೇ ಹೇಳಿಬಿಡುವುದು ಪ್ರಾಮಾಣಿಕತೆಯ ಲಕ್ಷಣವಲ್ಲ. ಒತ್ತೆಯಾಳುಗಳ ಪ್ರಾಣ, ಅತ್ಯಾಚಾರಕ್ಕೆ ಗುರಿಯಾದವಳ ಹೆಸರು, ಮಕ್ಕಳ ಗುರುತು ಇವುಗಳನ್ನು ಕಾಯುವುದು ಪತ್ರಕರ್ತನ ಧರ್ಮವೇ ಸರಿ. ಮೌನವು ಯಾರನ್ನು ರಕ್ಷಿಸುತ್ತಿದೆ ಎಂದು ಕೇಳಿಕೊಂಡರೆ ಯುಕ್ತಾಯುಕ್ತವು ತಾನಾಗಿ ತಿಳಿಯುತ್ತದೆ. ದುರ್ಬಲನನ್ನು ರಕ್ಷಿಸುವ ಮೌನ ಧರ್ಮ; ಬಲಿಷ್ಠನನ್ನು ರಕ್ಷಿಸುವ ಮೌನ, ಅದಕ್ಕೆ ಯಾವ ದೊಡ್ಡ ಹೆಸರನ್ನು ಕೊಟ್ಟರೂ, ಅಧರ್ಮ.

ವೇಗದ ಇನ್ನೊಂದು ಫಲವು ಪರಿಶೀಲನೆಯ ನಾಶ. 2016ರ ನವೆಂಬರಿನಲ್ಲಿ ನೋಟುಗಳು ರದ್ದಾದಾಗ, ಹೊಸ ಎರಡು ಸಾವಿರ ರೂಪಾಯಿಯ ನೋಟಿನೊಳಗೆ ಅದು ಎಲ್ಲಿದೆಯೆಂದು ತಿಳಿಸುವ ಚಿಪ್ ಅಡಗಿದೆಯೆಂಬ ಸುದ್ದಿಯನ್ನು ವಾಹಿನಿಗಳು ಗಂಭೀರವಾಗಿ ಬಿತ್ತರಿಸಿದವು. ಅಂಥದು ಯಾವುದೂ ಇಲ್ಲವೆಂದು ತಿಳಿಯಲು ರಿಸರ್ವ್ ಬ್ಯಾಂಕಿಗೆ ಒಂದು ದೂರವಾಣಿ ಕರೆ ಸಾಕಾಗಿತ್ತು. ಇಂದು ಮೊಬೈಲನ್ನು ಹಿಡಿದ ಪ್ರತಿಯೊಬ್ಬನೂ ವಾರ್ತಾಪ್ರಸಾರಕನಾಗಿದ್ದಾನೆ. ಯಂತ್ರವು ಸೃಷ್ಟಿಸಿದ ಚಿತ್ರಕ್ಕೂ ಕ್ಯಾಮರಾ ಹಿಡಿದ ಚಿತ್ರಕ್ಕೂ ಭೇದ ತಿಳಿಯದ ದಿನಗಳು ಬಂದಿವೆ. ಸ್ಟೀಫನ್ಸನ ಕಾಲದಲ್ಲಿ ಛಾಯಾಚಿತ್ರವು ಅಲ್ಲಗಳೆಯಲಾಗದ ಸಾಕ್ಷಿಯಾಗಿತ್ತು; ನಮ್ಮ ಕಾಲದಲ್ಲಿ ಚಿತ್ರಕ್ಕೆ ಬೆಲೆ ಬರುವುದು ಅದನ್ನು ಪ್ರಕಟಿಸುವವನ ಶೀಲದಿಂದ. ತಂತ್ರ ಬೆಳೆದಷ್ಟೂ ಮನುಷ್ಯನ ಪ್ರಾಮಾಣಿಕತೆಯ ಅವಶ್ಯಕತೆಯೂ ಬೆಳೆದಿದೆ.

ಸುದ್ದಿಯ ಪ್ರವಾಹ ಹೀಗೆ ಉಕ್ಕುತ್ತಿರುವಾಗಲೂ ಮೌನ ಅಡಗಿಲ್ಲವೆಂಬುದು ಗಮನಾರ್ಹ. ದಿನವಿಡೀ ನಡೆಯುವ ಕೂಗಾಟದ ಚರ್ಚೆಗಳ ನಡುವೆ, ಕೂಲಿ ಸಿಗದೆ ಗುಳೆ ಹೋದ ಊರು, ಚರಂಡಿಗಿಳಿದು ಸತ್ತ ಪೌರಕಾರ್ಮಿಕ, ಶಿಕ್ಷಕರಿಲ್ಲದ ಶಾಲೆ ಇವುಗಳಿಗೆ ಅರ್ಧ ನಿಮಿಷವೂ ದೊರೆಯದೆ ಹೋಗಬಹುದು. ಹಿಂದೆ ಸತ್ಯವನ್ನು ಸೆನ್ಸಾರು ಮುಚ್ಚುತ್ತಿತ್ತು. ಈಗ ಗದ್ದಲವೇ ಅದನ್ನು ಮುಚ್ಚಬಲ್ಲದು.

ಇದಕ್ಕೆ ಪರಿಹಾರದ ಒಂದು ಭಾಗ ಪತ್ರಕರ್ತರ ಕೈಯಲ್ಲಿದೆ. ಜೋನ್ಸನಂತೆ ರೈಲಿನಿಂದಿಳಿದು ನಡೆಯುವ ಶ್ರಮ, ಸ್ಟೀಫನ್ಸನಂತೆ ತನ್ನವರ ವಿರುದ್ಧವೇ ಸಾಕ್ಷಿ ನುಡಿಯುವ ಧೈರ್ಯ, ತಪ್ಪನ್ನು ತಾವೇ ಮುಂದೆ ಬಂದು ತಿದ್ದಿಕೊಳ್ಳುವ ವಿನಯ ಇವು ಯಾವ ಕಾಯಿದೆಯಿಂದಲೂ ಹುಟ್ಟುವುವಲ್ಲ. ಹಿರಿಯ ಸಂಪಾದಕರನ್ನು ಕಂಡು ಕಿರಿಯ ವರದಿಗಾರರು ಕಲಿಯತಕ್ಕ ಗುಣಗಳು. ಪರಿಹಾರದ ಇನ್ನೊಂದು ಭಾಗ ಓದುಗರಾದ ನಮ್ಮ ಕೈಯಲ್ಲಿದೆ. ಸುದ್ದಿಗೆ ನಾವು ಬೆಲೆ ಕೊಡದಿದ್ದರೆ ಇನ್ನಾರೋ ಕೊಡುತ್ತಾರೆ. ಕೊಟ್ಟವರು ತಮಗೆ ಬೇಕಾದುದನ್ನು ಬರೆಸುತ್ತಾರೆ, ಬೇಡವಾದುದನ್ನು ಬಿಡಿಸುತ್ತಾರೆ. ಒಳ್ಳೆಯ ಪತ್ರಿಕೆಗೆ ಚಂದಾ ಕೊ‌ಟ್ಟು ಕೊಂಡು ಓದೋಣ. ತಪ್ಪು ಕಂಡಾಗ ಸಂಪಾದಕರಿಗೆ ಪತ್ರ ಬರೆದು ತಿದ್ದುಪಡಿಯನ್ನು ಕೇಳೋಣ. ನಮ್ಮ ಊರಿನ ಸಂಕಟ ಪತ್ರಿಕೆಯಲ್ಲಿ ಕಾಣದಿದ್ದರೆ ಏಕೆ ಕಾಣಲಿಲ್ಲವೆಂದೂ ಕೇಳೋಣ. ಮೂಲ ತಿಳಿಯದ ಸಂದೇಶವನ್ನು ಇನ್ನೊಬ್ಬರಿಗೆ ದಾಟಿಸದಿರೋಣ. ನಮಗೆ ಅಪ್ರಿಯವಾದ ಸತ್ಯವನ್ನು ಬರೆದ ಪತ್ರಕರ್ತನನ್ನು ದೇಶದ್ರೋಹಿಯೆಂದು ಜರಿಯುವುದಕ್ಕೆ ಮುಂಚೆ, ಅವನು ಬರೆದುದು ನಿಜವೇ ಎಂಬ ಒಂದೇ ಪ್ರಶ್ನೆಯನ್ನು ನಮ್ಮನ್ನು ನಾವು ಕೇಳಿಕೊಳ್ಳೋಣ. ನಿರ್ಭೀತವಾದ ಪತ್ರಿಕೆ ಬೇಕೆನ್ನುವ ಸಮಾಜವು ಮೊದಲು ಸತ್ಯವನ್ನು ಸಹಿಸುವುದನ್ನು ಕಲಿಯಬೇಕು.